ಹೊಕ್ಕಿನ ಇಕ್ಕತ್: ಹೂವು ಎರಡಾಗಿ ಒಡೆಯುವುದು ಮಗ್ಗದ ತಪ್ಪಾ, ಕಟ್ಟಿನ ತಪ್ಪಾ?
(ನೇಕಾರರ ಚರ್ಚೆ; ಬರೆದವರ ಹೆಸರುಗಳೆಲ್ಲ ಅಡ್ಡಹೆಸರುಗಳು)

ಕಂಡಿಕೆ:
ಪೋಚಂಪಲ್ಲಿ ಮಾದರಿಯ ಹೊಕ್ಕಿನ ಇಕ್ಕತ್ ಸೀರೆ (ಹೊಕ್ಕಿನ, ಅಂದರೆ ಅಡ್ಡನೂಲಿನ ಮೇಲೆ ನೇಯುವ ಮೊದಲೇ ಕಟ್ಟು ಕಟ್ಟಿ ಬಣ್ಣ ಹಾಕಿ ಚಿತ್ತಾರ ತರುವುದು), ಕುಣಿಮಗ್ಗ (ಕುಣಿಯಲ್ಲಿ ಕಾಲಿಟ್ಟು ನೇಯುವ ಕೈಮಗ್ಗ). ಹಾಸು (ಉದ್ದನೂಲು), ಹೊಕ್ಕು ಎರಡೂ 2/120 ಹತ್ತಿ (120ನೇ ನಂಬರಿನ ಎರಡೆಳೆ ಹುರಿ). ಹಣಿಗೆ (ಹಾಸಿನ ಎಳೆಗಳು ಹಾಯುವ ಬಾಚಣಿಗೆ) 80ರದ್ದು, ಸಂದಿಗೆ ಎರಡೆಳೆ, ಇಂಚಿಗೆ ಒಟ್ಟು 80 ಎಳೆ. ಹಣಿಗೆಯಲ್ಲಿ ಪನ್ನ (ಅಗಲ) 48 ಇಂಚು, ಇಂಚಿಗೆ 72 ಹೊಕ್ಕು. ಹೂವಿನ ಎತ್ತರ 4 ಇಂಚು. ಲಾಳಿಗೆ ಹೊಸ ಕಂಡಿಕೆ (ಹೊಕ್ಕಿನ ನೂಲು ಸುತ್ತಿದ ಕೊಳವೆ) ಹಾಕಿದಾಗ ಮೊದಲ ಎರಡು ಮೂರು ಹೊಕ್ಕು ಸರಿಯಾಗಿ ಕೂರುತ್ತವೆ. ಏಳೆಂಟು ಹೊಕ್ಕಿಗೆಲ್ಲ ಹೂವಿನ ಅಂಚು ಒಡೆದು, ನೆರಳು ಬಿದ್ದ ಹಾಗೆ ಎರಡೆರಡಾಗಿ ಕಾಣುತ್ತದೆ. ಪ್ರತಿ ಹೊಕ್ಕನ್ನೂ ಎಳೆದು ಕೂರಿಸಲು ಹೋದರೆ ಸೀರೆಯ ದಡಿ ಒಳಕ್ಕೆ ಜಗ್ಗುತ್ತದೆ. ಇದನ್ನು ಮಗ್ಗದಲ್ಲಿ ಹುಡುಕಬೇಕೋ, ಬಣ್ಣಕ್ಕೆ ಮುಂಚಿನ ಕೆಲಸದಲ್ಲೋ?

ಕುಣಿಮಗ್ಗ:
ಮೊದಲ ಪನ್ನ ಹಿಡಿಯೋ ಕಡ್ಡಿ ನೋಡ್ರಿ. ಎರಡು ತುದಿಗೂ ಸೂಜಿ ಚೂಪ ಇರಬೇಕು, ಬಟ್ಟಿ ಕೊನೀಗೆ ಎರಡು ಬೆರಳಿನಷ್ಟು ಸನೇದಾಗ ಇರಬೇಕು, ಇಂಚು ಒಂದೂವರಿ ಇಂಚು ನೇಯ್ದ ಕೂಡ್ಲೆ ಮುಂದ ಸರಿಸಬೇಕು. ನಾಕು ಇಂಚು ನೇಯ್ದು ಒಮ್ಮೆ ಸರಿಸೋದು ಸಾದಾ ಸೀರಿಗೆ ನಡೀತೈತಿ, ಇಕ್ಕತ್ತಿಗೆ ನಡಿಯಾಂಗಿಲ್ಲ. ಪನ್ನ ಕಾಲಿಂಚು ಒಳಗ ಬಂತು ಅಂದ್ರ ಹೊಕ್ಕು ಹಿಡಿಯೋ ಉದ್ದನೂ ಕಾಲಿಂಚು ಕಮ್ಮಿ ಆತು, ಚಿತ್ತಾರ ಕದಲಿ ಹೋತು.

ಎರಡನೇದ್ದು, ಲಾಳಿ ಒಳಗಿನ ಬಿಗಿ. ಕಂಡಿಕಿ ತುಂಬ ಇದ್ದಾಗೊಂದು ಬಿಗಿ, ಖಾಲಿ ಆಗ್ತಾ ಬಂದಾಗೊಂದು ಬಿಗಿ ಇರಬಾರದು. ಲಾಳಿ ಕಣ್ಣಿನ ಹತ್ರ ಉಣ್ಣೆ ಎಳಿ ಇಲ್ಲಾಂದ್ರ ಮೆತ್ತನ್ನ ಕೂದಲು ಅಂಟಿಸಿದ್ರ ನೂಲು ಒಂದೇ ಹದಕ್ಕ ಬಿಡತೈತಿ.

ಗ್ರಾಫ್ ಕಾಗದ:
ಕುಣಿಮಗ್ಗ ಅಣ್ಣ ಹೇಳಿದ್ದು ಸರಿಯೇ. ಆದರೆ ಒಡೆದ ಹೂವನ್ನು ಭೂತಗನ್ನಡಿಯಲ್ಲಿ ನೋಡದೆ ಮಗ್ಗಕ್ಕೆ ಕೈ ಹಾಕಬೇಡಿ. ತಪ್ಪು ಎಲ್ಲಿ ಹುಟ್ಟಿತು ಅನ್ನುವುದನ್ನು ಬಟ್ಟೆಯೇ ತೋರಿಸುತ್ತದೆ.

ಹೊಕ್ಕಿನ ನೂಲು ಹಾವಿನ ಹಾಗೆ ಎಡದಿಂದ ಬಲಕ್ಕೆ, ಬಲದಿಂದ ಎಡಕ್ಕೆ ಹೋಗುವ ಒಂದೇ ಎಳೆ. ಆಸುವಿನ (ಕಟ್ಟುವ ಮೊದಲು ಹೊಕ್ಕಿನ ನೂಲನ್ನು ಗೂಟಗಳ ನಡುವೆ ಸುತ್ತುವ ಚೌಕಟ್ಟು) ಮೇಲೆ ಎರಡು ತುದಿಯ ನಡುವೆ ಇದ್ದ ಉದ್ದ ಒಂದು, ಮಗ್ಗದಲ್ಲಿ ಒಂದು ಹೊಕ್ಕು ನುಂಗುವ ಉದ್ದ ಇನ್ನೊಂದು. ಇವೆರಡೂ ಹೊಂದಬೇಕು. ಹೊಕ್ಕು ಒಂದು ಮಿಲಿಮೀಟರ್ ಹೆಚ್ಚು ನುಂಗುತ್ತದೆ ಅಂತಿಟ್ಟುಕೊಳ್ಳಿ. ಎರಡನೇ ಹೊಕ್ಕಿನಲ್ಲಿ ಗುರುತು ಬಲಕ್ಕೆ 2 ಮಿ.ಮೀ. ಸರಿಯುತ್ತದೆ, ಮೂರನೆಯದರಲ್ಲಿ ಎಡಕ್ಕೆ 2, ನಾಲ್ಕರಲ್ಲಿ ಬಲಕ್ಕೆ 4, ಐದರಲ್ಲಿ ಎಡಕ್ಕೆ 4. ಎಂಟನೆಯದು ಬಲಕ್ಕೆ 8, ಒಂಬತ್ತನೆಯದು ಎಡಕ್ಕೆ 8. ಅಂದರೆ ಅಕ್ಕಪಕ್ಕದ ಎರಡು ಹೊಕ್ಕಿನ ನಡುವೆ ಒಂದೂವರೆ ಸೆಂಟಿಮೀಟರಿಗಿಂತ ಹೆಚ್ಚು ಅಂತರ. ಸಮಸಂಖ್ಯೆಯ ಹೊಕ್ಕುಗಳೆಲ್ಲ ಒಂದು ಕಡೆ, ಬೆಸಸಂಖ್ಯೆಯವೆಲ್ಲ ಇನ್ನೊಂದು ಕಡೆ ಓಡುವುದರಿಂದಲೇ ಹೂವು ಎರಡಾಗಿ ಕಾಣುವುದು.

ಹಾಗಾಗಿ ಹೀಗೆ ನೋಡಿ. ಒಡಕು ಹೊಕ್ಕಿನಿಂದ ಹೊಕ್ಕಿಗೆ ಬೆಳೆಯುತ್ತಾ ಹೋದರೆ ಉದ್ದದ ತಪ್ಪು. ಕಂಡಿಕೆಯ ಶುರುವಿನಿಂದಲೇ ಒಡಕಿದ್ದು, ಕೊನೆಯವರೆಗೂ ಅಷ್ಟೇ ಉಳಿದರೆ ಉದ್ದ ಸರಿ ಇದೆ, ಕಂಡಿಕೆ ಹಾಕುವಾಗ ಮೊದಲ ಹೊಕ್ಕನ್ನು ತಪ್ಪು ಜಾಗದಿಂದ ಶುರುಮಾಡಿದ್ದೀರಿ. ಒಡಕೇ ಇಲ್ಲದೆ ಇಡೀ ಹೂವು ಒಂದೇ ಕಡೆಗೆ ವಾಲಿದರೆ, ಗುರುತು ಹಾಕುವಾಗ ಗೆರೆ ಓರೆಯಾಗಿದೆ ಅಥವಾ ಬಟ್ಟೆಯ ಎರಡೂ ದಡಿ ಒಂದೇ ಕಡೆಗೆ ಸರಿದಿವೆ. ಮೂರಕ್ಕೂ ಮದ್ದು ಬೇರೆ ಬೇರೆ.

ನಿಮ್ಮದು ಬೆಳೆಯುವ ಒಡಕು. ಬಣ್ಣವಾದ ನೂಲಿನಲ್ಲಿ ಆಸುವಿನ ಒಂದು ತುದಿಯ ತಿರುವಿನಿಂದ ಇನ್ನೊಂದು ತುದಿಯ ತಿರುವಿನವರೆಗೆ ಅಳೆಯಿರಿ. ಎಳೆ ನೇರವಾಗುವಷ್ಟೇ ಎಳೆದು ಹಿಡಿಯಿರಿ, ಜಗ್ಗಬೇಡಿ. ಹತ್ತು ಕಡೆ ಅಳೆದು ಸರಾಸರಿ ಹೇಳಿ. ಆಸುವನ್ನು ಎಷ್ಟಕ್ಕೆ ಇಟ್ಟಿದ್ದಿರಿ, ನೂಲು ಕೋರಾ ಇತ್ತೋ ಕುದಿಸಿದ್ದೋ ಅನ್ನುವುದನ್ನೂ ಹೇಳಿ.

ಕಂಡಿಕೆ:
ಆಸು ಸರಿಯಾಗಿ 48 ಇಂಚಿಗೇ ಇತ್ತು. ಈಗ ಅಳೆದರೆ ಸರಾಸರಿ 47.5 ಬರುತ್ತಿದೆ. ನೂಲು ಕೋರಾ. ಲಡಿಯನ್ನು (ನೂಲಿನ ಸುರುಳಿ) ರಾತ್ರಿ ತಣ್ಣೀರಲ್ಲಿ ನೆನೆಸಿ, ಒಣಗಿಸಿ ಆಸುವಿಗೆ ಏರಿಸಿದ್ದು. ಕುದಿಸಿದ್ದು ಕಟ್ಟು ಕಟ್ಟಿದ ಮೇಲೆ, ಬಣ್ಣದ ಮುಂಚೆ.

ಬಣ್ಣದ ಬಾನಿ:
ತಪ್ಪು ಸಿಕ್ಕಿತು. ನೂರಕ್ಕೆ ಒಂದರಷ್ಟು ಕುಗ್ಗಿದೆ, ಅದು 48 ಇಂಚಿನಲ್ಲಿ ಅರ್ಧ ಇಂಚು. ಅದರ ಬಹುಪಾಲನ್ನು ನಿಮ್ಮ ಕೈ ಎಳೆದು ಎಳೆದು ಮುಚ್ಚಿದೆ, ಉಳಿದ ಒಂದೆರಡು ಮಿಲಿಮೀಟರ್ ಹೂವನ್ನು ಒಡೆದಿದೆ. ದಡಿ ಜಗ್ಗುವುದೂ ಇದರಿಂದಲೇ.

ಕೋರಾ ಹತ್ತಿ ತಣ್ಣೀರಿಗೆ ಪೂರ್ತಿ ಕುಗ್ಗುವುದಿಲ್ಲ. ಅದರ ಮೇಣ, ಜಿಡ್ಡು ಬಿಟ್ಟು ನೀರು ಒಳಗಿಳಿದಾಗ ಮಾತ್ರ ಎಳೆ ಸಡಿಲವಾಗಿ ತನ್ನ ನಿಜವಾದ ಉದ್ದಕ್ಕೆ ಬರುತ್ತದೆ. ಅದಕ್ಕೇ ಕುದಿಸುವ ಕೆಲಸ ಆಸುವಿಗಿಂತ ಮೊದಲು ಮುಗಿಯಬೇಕು. 1 ಕಿಲೋ ನೂಲಿಗೆ 20 ಲೀಟರ್ ನೀರು, 60 ಗ್ರಾಂ ಸೋಡಾ ಆ್ಯಶ್, 40 ಗ್ರಾಂ ಸೋಪು. ಒಂದು ಗಂಟೆ ಕುದಿಯಲಿ, ಲಡಿ ಪೂರ್ತಿ ನೀರಿನಡಿ ಇರಲಿ, ಹತ್ತು ನಿಮಿಷಕ್ಕೊಮ್ಮೆ ಮಗುಚಿ. ಆಮೇಲೆ ಬಿಸಿನೀರಲ್ಲೊಮ್ಮೆ, ತಣ್ಣೀರಲ್ಲಿ ಎರಡು ಸಲ ತೊಳೆಯಿರಿ. ನೆರಳಲ್ಲಿ ಒಣಹಾಕುವಾಗ ಲಡಿಗೆ ಭಾರ ಕಟ್ಟಬೇಡಿ. ಕುಗ್ಗಿದ ನೂಲನ್ನು ಭಾರ ಕಟ್ಟಿ ಒಣಗಿಸಿದರೆ ಮತ್ತೆ ಉದ್ದಕ್ಕೆ ಎಳೆದಂತಾಯಿತು, ಬಣ್ಣದ ಬಾನಿಗೆ ಬಿದ್ದೊಡನೆ ಪುನಃ ಕುಗ್ಗುತ್ತದೆ.

ನೂಲು ತಯಾರಾಯಿತೋ ಇಲ್ಲವೋ ನೋಡಲು ಒಣಗಿದ ಲಡಿಯ ಒಂದು ತುಂಡನ್ನು ನೀರಿನ ಮೇಲೆ ಮೆಲ್ಲಗೆ ಬಿಡಿ. ತಕ್ಷಣ ಮುಳುಗಿದರೆ ಸರಿ. ತೇಲುತ್ತಾ ಕೂತರೆ ಜಿಡ್ಡು ಉಳಿದಿದೆ, ಇನ್ನರ್ಧ ಗಂಟೆ ಕುದಿಸಿ.

ರೇಷ್ಮೆಗೂ ಇದೇ ಮಾತು. ಅಂಟು ತೆಗೆದ ಮೇಲೆಯೇ ಆಸು. ಕಚ್ಚಾ ರೇಷ್ಮೆಯ ತೂಕದಲ್ಲಿ ಕಾಲುಭಾಗದ ಹತ್ತಿರ ಅಂಟೇ ಇರುತ್ತದೆ. ಅದನ್ನು ಇಟ್ಟುಕೊಂಡು ಕಟ್ಟು ಕಟ್ಟಿದರೆ, ಬಿಸಿ ಬಾನಿಯಲ್ಲಿ ಅಂಟು ಬಿಟ್ಟಾಗ ಕಂತೆ ತೆಳ್ಳಗಾಗಿ ಕಟ್ಟು ಸಡಿಲವಾಗುತ್ತದೆ.

ಕುಣಿಮಗ್ಗ:
ಹಂಗಾರ ನಾನು ಹೇಳಿದ ಕಡ್ಡಿ ಎರಡನೇ ಮಾತು. ಆದ್ರ ಬಣ್ಣ ಆದ ನೂಲು ಚೆಲ್ಲಬ್ಯಾಡ್ರಿ. ನೂಲು 47.5ಕ್ಕ ಕುಂತೈತಿ ಅಂದ್ರ ಪನ್ನನ ಅದಕ್ಕ ಹೊಂದಿಸ್ರಿ. ಇಂಚಿಗೆ 80 ಎಳಿ ಲೆಕ್ಕದಾಗ ಅರ್ಧ ಇಂಚಿಗೆ 40 ಎಳಿ. ಎಡಕ್ಕ 22, ಬಲಕ್ಕ 22, ಒಟ್ಟ 44 ಎಳಿ ಹಣಿಗಿಂದ ಬಿಟ್ಟು ದಡಿ ಒಳಗ ಸರಿಸಿ ಮತ್ತ ಕೆಚ್ಚರಿ (ಎಳಿಗೆ ಎಳಿ ಕೂಡಸ್ರಿ). ಎಳಿ ತೆಗಿಯೋದು ಒಡಲಿನೊಳಗಿಂದು, ದಡೀದಲ್ಲ. ಎರಡೂ ಕಡೆ ಸಮ ತೆಗೀರಿ, ಇಲ್ಲಾಂದ್ರ ಹೂವು ನಡುವಿನಿಂದ ಸರೀತೈತಿ.

ಗ್ರಾಫ್ ಕಾಗದ:
40ರ ಬದಲು 44 ಅಂದಿದ್ದು ಬಹಳ ಮುಖ್ಯ, ಯಾಕೆ ಅಂತ ಬಿಡಿಸಿ ಹೇಳುತ್ತೇನೆ. 44 ಎಳೆ ತೆಗೆದರೆ ಪನ್ನ 47.45 ಇಂಚು. ಪ್ರತಿ ಹೊಕ್ಕಿಗೂ ಒಂದು ಮಿಲಿಮೀಟರಿಗಿಂತ ಸ್ವಲ್ಪ ಜಾಸ್ತಿ ನೂಲು ಮಿಗುತ್ತದೆ. ಮಿಕ್ಕ ನೂಲನ್ನು ದಡಿಯ ಹೊರಗೆ ಸಣ್ಣ ಕುಣಿಕೆಯಾಗಿ ಬಿಟ್ಟು ಗುರುತು ಕೂರಿಸಬಹುದು. ನೂಲು ಕಡಿಮೆ ಬಿದ್ದರೆ ಮಾತ್ರ ಏನೂ ಮಾಡಲಾಗದು. ಮುಂದಿನ ಸಲ ಆಸುವನ್ನೂ ಹೀಗೇ ಇಡಿ. ಪನ್ನ ಅಂದರೆ ಹಣಿಗೆಯ ಪನ್ನ, ಮಗ್ಗದಿಂದ ಇಳಿಸಿದ ಬಟ್ಟೆಯದ್ದಲ್ಲ. ಇಳಿಸಿದ ಬಟ್ಟೆ 46.5 ಇರಬಹುದು, ಅದನ್ನು ಅಳೆದು ಆಸು ಇಟ್ಟವರು ಕೆಟ್ಟರು.

ಇನ್ನು ಆಸುವಿನಲ್ಲೇ ಆಗುವ ತಪ್ಪು. ಅರ್ಧಚಂದ್ರದ ಮೇಲಿನ ಗೂಟಗಳಿಗೂ ನಡುವಿನ ಗೂಟಕ್ಕೂ ಓಡಾಡಿಸುತ್ತಾ ಸುತ್ತುವಾಗ, ನೂಲು ಒಂದರ ಮೇಲೊಂದು ಗುಡ್ಡೆ ಬಿದ್ದರೆ ಮೇಲಿನ ಸುತ್ತು ಉದ್ದವಾಗುತ್ತದೆ, ಕೆಳಗಿನದು ಗಿಡ್ಡ. ಗೂಟ ತೆಳ್ಳಗಿರಲಿ, ಸುತ್ತು ಮೇಲಕ್ಕೆ ಹರಡಿಕೊಂಡು ಹೋಗಲಿ. ಕೈ ದಣಿದಂತೆ ಬಿಗಿಯೂ ಬದಲಾಗುತ್ತದೆ. ಒಂದು ಸೀರೆಗೆ ಸುಮಾರು 9,000 ಸಲ ಕೈ ಆಡಿಸುವ ಕೆಲಸ ಇದು, ನಾಲ್ಕೈದು ಗಂಟೆ ಹಿಡಿಯುತ್ತದೆ. ಭುಜ ನೋವು ಮನೆಯ ಹೆಂಗಸರ ಪಾಲಿಗೆ ಬರುತ್ತಿದ್ದುದೂ ಇದರಿಂದಲೇ. ಚಿಂತಕಿಂದಿ ಮಲ್ಲೇಶಂ ಅವರು 1999ರಲ್ಲಿ ತಂದ ಲಕ್ಷ್ಮಿ ಆಸು ಯಂತ್ರ ಅದೇ ಕೆಲಸವನ್ನು ಒಂದೂವರೆ ಗಂಟೆಗೆ ಇಳಿಸಿತು, 2017ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಸಮಯ ಉಳಿಯಿತು ಅಂತ ಎಲ್ಲರೂ ಹೇಳುತ್ತಾರೆ. ನೇಯುವವರ ಕಣ್ಣಿಗೆ ಅದಕ್ಕಿಂತ ದೊಡ್ಡ ಲಾಭ ಮೊದಲ ಸುತ್ತಿನಿಂದ ಕೊನೆಯ ಸುತ್ತಿನವರೆಗೆ ಬಿಗಿ ಒಂದೇ ಇರುವುದು.

ರಬ್ಬರ್ ಪಟ್ಟಿ:
ಉದ್ದದ ಮಾತು ಮುಗಿದಿದ್ದರೆ ಕಟ್ಟಿನ ಬಗ್ಗೆ ಒಂದು ಪ್ರಶ್ನೆ. ಕಟ್ಟಿದ ಬಿಳಿಯೊಳಗೆ ಕೆಂಪು ನುಗ್ಗುತ್ತಿದೆ. ಸೈಕಲ್ ಟ್ಯೂಬಿನ ಪಟ್ಟಿಯನ್ನೇ ಬಿಗಿಯಾಗಿ ಸುತ್ತಿದ್ದು. ದಾರದಿಂದ ಕಟ್ಟುವುದೇ ಒಳ್ಳೆಯದಾ?

ಬಣ್ಣದ ಬಾನಿ:
ಪಾಟನ್ನಿನ ಪಟೋಲ, ಒಡಿಶಾದ ಸಂಬಲಪುರಿ ಬಂಧದಲ್ಲಿ ದಾರದ ಕಟ್ಟು, ಪೋಚಂಪಲ್ಲಿ ಕಡೆ ರಬ್ಬರ್. ಎರಡರಲ್ಲೂ ಚೊಕ್ಕ ಬಿಳಿ ಉಳಿಸಬಹುದು. ರಬ್ಬರ್ ಬೇಗ ಕಟ್ಟಲು, ಬಿಚ್ಚಲು ಅನುಕೂಲ. ಸಣ್ಣ ಚುಕ್ಕೆ, ಚೂಪಾದ ಮೂಲೆ ಬೇಕಾದಲ್ಲಿ ನನ್ನ ಮತ ದಾರಕ್ಕೇ. ಬಣ್ಣ ನುಗ್ಗುವುದಕ್ಕೆ ಕಾರಣ ಬೇರೆ ಇರುತ್ತದೆ, ಒಂದೊಂದಾಗಿ ನೋಡಿ.

ರಬ್ಬರ್ ಹಳೆಯದಾ? ಎಳೆದಾಗ ಮೇಲೆ ಸಣ್ಣ ಬಿರುಕು ಕಂಡರೆ ಎಸೆಯಿರಿ. ಪಟ್ಟಿ 3-4 ಮಿ.ಮೀ. ಅಗಲ ಇರಲಿ, ಪ್ರತಿ ಸುತ್ತೂ ಹಿಂದಿನದರ ಅರ್ಧದ ಮೇಲೆ ಕೂರಲಿ. ಒಂದು ತುದಿಯಿಂದ ಇನ್ನೊಂದಕ್ಕೆ ಹೋಗಿ ಮತ್ತೆ ಹಿಂದಕ್ಕೆ ಬಂದು ಕುಣಿಕೆ ಹಾಕಿ. ಬಣ್ಣ ಸಾಮಾನ್ಯವಾಗಿ ನುಗ್ಗುವುದು ಕಟ್ಟಿನ ಎರಡು ತುದಿಯಲ್ಲಿ, ನಡುವೆ ಅಲ್ಲ. ತುದಿಯ ಸುತ್ತೇ ಎಲ್ಲಕ್ಕಿಂತ ಬಿಗಿಯಾಗಿರಬೇಕು, ಗುರುತಿನ ಗೆರೆಗಿಂತ ಒಂದು ಮಿ.ಮೀ. ಆಚೆಗೇ ಇರಬೇಕು.

ನೂಲನ್ನು ಒಣಗಿದ್ದ ಹಾಗೆಯೇ ಬಾನಿಗೆ ಇಳಿಸಿದಿರಾ? ಒಣ ನೂಲು ಬತ್ತಿಯ ಹಾಗೆ ಬಣ್ಣವನ್ನು ಕಟ್ಟಿನೊಳಕ್ಕೆ ಹೀರುತ್ತದೆ. ಮೊದಲು ಅರ್ಧ ಗಂಟೆ ಬರೀ ನೀರಲ್ಲಿ ನೆನೆಸಿ, ಹಿಂಡಿ, ಆಮೇಲೆ ಬಾನಿ. ಕಟ್ಟಿನೊಳಗಿನ ಜಾಗವನ್ನು ಮೊದಲೇ ನೀರು ತುಂಬಿಕೊಂಡರೆ ಬಣ್ಣಕ್ಕೆ ಅಲ್ಲಿ ಎಡೆ ಕಡಿಮೆ.

ಇನ್ನು ಹೆಚ್ಚಿನ ಕಡೆ ಆಗುವ ತಪ್ಪು, ಕಟ್ಟು ಬಿಚ್ಚುವ ಹೊತ್ತು. ತಣ್ಣನೆ ರಿಯಾಕ್ಟಿವ್ ಬಣ್ಣದ (ಬಾನಿ ಬಿಸಿ ಮಾಡದೆ ಹತ್ತಿಗೆ ಹಿಡಿಸುವ ಬಣ್ಣ) ಲೆಕ್ಕ ಹೇಳುತ್ತೇನೆ, ಮಧ್ಯಮ ಗಾಢತೆಗೆ. 1 ಕಿಲೋ ನೂಲು, 20 ಲೀಟರ್ ನೀರು, 20 ಗ್ರಾಂ ಬಣ್ಣ. ಬಣ್ಣವನ್ನು ಮೊದಲು ಬಟ್ಟಲಲ್ಲಿ ಪೇಸ್ಟು ಮಾಡಿ, ಕರಗಿಸಿ, ಸೋಸಿ ಹಾಕಿ. ಕರಗದ ಒಂದು ಕಣ ಸಾಕು ಚುಕ್ಕೆ ಬೀಳಲು. ಹತ್ತು ನಿಮಿಷ ನೂಲು ಆಡಿಸಿ, ಆಮೇಲೆ ಲೀಟರಿಗೆ 50 ಗ್ರಾಂ ಉಪ್ಪಿನ ಲೆಕ್ಕದಲ್ಲಿ 1 ಕಿಲೋ ಉಪ್ಪನ್ನು ಮೂರು ಕಂತಾಗಿ ಹಾಕಿ. ಪ್ರತಿ ಸಲವೂ ನೂಲು ಮೇಲೆತ್ತಿ ಉಪ್ಪು ಕರಗಿಸಿಯೇ ಇಳಿಸಿ. ಅರ್ಧ ಗಂಟೆ ಆದ ಮೇಲೆ ಲೀಟರಿಗೆ 15 ಗ್ರಾಂನಂತೆ 300 ಗ್ರಾಂ ಸೋಡಾ ಆ್ಯಶ್ ಕರಗಿಸಿ ಹಾಕಿ, ಇನ್ನೊಂದು ಗಂಟೆ.

ಇಷ್ಟಾದರೂ ಬಣ್ಣವೆಲ್ಲ ನೂಲಿಗೆ ಹಿಡಿದಿರುವುದಿಲ್ಲ. ಒಂದು ಪಾಲು ನೀರಿನ ಜೊತೆಗೇ ಕೂಡಿ ಕೆಟ್ಟು, ನೂಲಿನ ಮೇಲೆ ಸುಮ್ಮನೆ ಕೂತಿರುತ್ತದೆ. ಕಟ್ಟನ್ನು ಆಗಲೇ ಬಿಚ್ಚಿದರೆ ಅದು ಬಿಳಿಗೆ ಹರಿಯುತ್ತದೆ. ಕಟ್ಟು ಇರುವಂತೆಯೇ ತಣ್ಣೀರಲ್ಲಿ ಎರಡು ಮೂರು ಸಲ ತೊಳೆದು, ಚೂರು ಅಸಿಟಿಕ್ ಆಮ್ಲದ ನೀರಲ್ಲಿ ಅದ್ದಿ, ಲೀಟರಿಗೆ 2 ಗ್ರಾಂ ಸೋಪಿನ ಕುದಿನೀರಲ್ಲಿ 15 ನಿಮಿಷ ಇಟ್ಟು, ತೊಳೆದ ನೀರು ತಿಳಿಯಾಗುವವರೆಗೆ ತೊಳೆಯಿರಿ. ಪೂರ್ತಿ ಒಣಗಿದ ಮೇಲೆ ಬಿಚ್ಚಿ. ಒದ್ದೆ ಕಂತೆಯನ್ನು ರಾತ್ರಿಯಿಡೀ ಗುಡ್ಡೆ ಹಾಕಿಡುವ ರೂಢಿ ಬಿಡಿ, ಬೆಳಿಗ್ಗೆಗೆ ಕೆಳಗಿನ ಬಿಳಿಯೆಲ್ಲ ಗುಲಾಬಿ.

ರಬ್ಬರ್ ಪಟ್ಟಿ:
ಹೊರಗೆಲ್ಲ ಚೆನ್ನಾಗಿ ಹಿಡಿದು ಕಂತೆಯ ಒಳಗಿನ ಎಳೆಗಳು ಮಾತ್ರ ತಿಳಿಯಾಗಿ ಉಳಿದವು, ಅದಕ್ಕೆ?

ಗ್ರಾಫ್ ಕಾಗದ:
ಕಂತೆ ದಪ್ಪವಾಯಿತು. 4 ಇಂಚಿನ ಹೂವಿಗೆ ಇಂಚಿಗೆ 72ರಂತೆ 288 ಹೊಕ್ಕು. ಗ್ರಾಫಿನಲ್ಲಿ 36 ಸಾಲು ಮಾಡಿದರೆ ಸಾಲಿಗೆ 8 ಹೊಕ್ಕು. ಒಡಲಿನಲ್ಲಿ ಅದೇ ಹೂವು 40 ಸಲ ಬಂದರೆ ಒಂದು ಸಾಲಿನ ಕಂತೆಗೆ 320 ಎಳೆ. ಮೇಲೆ ಕೆಳಗೆ ಒಂದೇ ಥರ ಇರುವ ಹೂವಾದರೆ ಎರಡು ಸಾಲು ಸೇರಿಸಿ ಕಟ್ಟಬಹುದು ಅನ್ನುವ ಆಸೆಗೆ ಅದು 640 ಆಗುತ್ತದೆ. ಬೇಡ. ಬಿಗಿ ಹಿಡಿದಾಗ ಕಂತೆ ಸೀಸದಕಡ್ಡಿಗಿಂತ ದಪ್ಪ ಆಗಬಾರದು. ಹೆಚ್ಚಾದರೆ ಎರಡು ಮಾಡಿ, ಕಟ್ಟು ಜಾಸ್ತಿಯಾದರೂ ಚಿಂತೆಯಿಲ್ಲ.

ಬಣ್ಣದ ಕ್ರಮ ತಿಳಿಯಿಂದ ಗಾಢಕ್ಕೆ. ಬಿಳಿ ಉಳಿಯಬೇಕಾದ್ದನ್ನು ಕಟ್ಟಿ ಹಳದಿ. ಹಳದಿ ಉಳಿಯಬೇಕಾದ್ದನ್ನು ಕಟ್ಟಿ ಕೆಂಪು. ಕೆಂಪು ಉಳಿಸುವುದನ್ನು ಕಟ್ಟಿ ಕಪ್ಪು. ಹಳದಿಯ ಮೇಲೆ ಬೀಳುವ ಕೆಂಪು ಕೇಸರಿ ಕಡೆಗೆ ತಿರುಗುತ್ತದೆ, ಅದನ್ನು ಗ್ರಾಫು ಬರೆಯುವಾಗಲೇ ಲೆಕ್ಕಕ್ಕೆ ಹಿಡಿಯಿರಿ.

ಕುಣಿಮಗ್ಗ:
ಕಂಡಿಕಿ ಕ್ರಮ ಯಾರೂ ಹೇಳಲಿಲ್ಲ. ಕಂಡಿಕಿಗೆ ಕೊನೀಗೆ ಸುತ್ತಿದ ನೂಲು ಮೊದಲ ಹೊರಗ ಬರತೈತಿ. ಗಿಳಿ, ಆನಿ ಇರೋ ಸೀರಿಗೆ ಇದನ್ನ ಮರೆತ್ರ ಆನಿ ಕಾಲು ಮ್ಯಾಲ ಆಗ್ತಾವು. ಕಂತಿ ಬಿಚ್ಚಿ ಸುತ್ತುವಾಗ ಒಂದೊಂದು ಕಂಡಿಕಿಗೂ ನಂಬರ ಹಾಕಿ ದಾರಕ್ಕ ಪೋಣಿಸಿಡ್ರಿ. ಮತ್ತ ಕಟ್ಟು ಬಿಚ್ಚೋಕ ಬ್ಲೇಡ್ ಬ್ಯಾಡ್ರಿ. ಒಂದು ಎಳಿ ಕತ್ತರಿಸಿದ್ರ ಅಲ್ಲಿ ಗಂಟು, ಗಂಟಿಗೆ ಹೋದ ನೂಲಿನಷ್ಟ ಚಿತ್ತಾರ ಕದಲತೈತಿ.

ಟೋಪು ತೆನಿ:
ಇಳಕಲ್ ಸೀರೆಯ ಒಡಲಿಗೆ ಹಾಸಿನ ಇಕ್ಕತ್ ಹಾಕಬಹುದಾ? ಸೆರಗು ಎಂದಿನ ಹಾಗೆ ಕೆಂಪು ಬಿಳಿ ಟೋಪು ತೆನಿ ವಿನ್ಯಾಸವೇ ಇರಬೇಕು.

ಕುಣಿಮಗ್ಗ:
ಹಾಕಬಹುದು, ಆದ್ರ ಕೊಂಡಿ ಲೆಕ್ಕ ಮೊದಲ ಮಾಡ್ರಿ. ಇಳಕಲ್ಲಿನಾಗ ಒಡಲಿನ ಉಂಕಿ (ಮಗ್ಗಕ್ಕ ಏರಿಸೋ ಹಾಸಿನ ನೂಲು) ಬ್ಯಾರೆ, ಸೆರಗಿನ ರೇಷ್ಮಿ ಉಂಕಿ ಬ್ಯಾರೆ, ಎರಡರ ಕುಣಿಕಿ ಒಂದರಾಗೊಂದು ಸಿಗಸಿ ಕೂಡಸ್ತೀವಿ, ಅದ ಕೊಂಡಿ. ಅದಕ್ಕ ಉಂಕಿ ಒಂದೊಂದು ಸೀರೀಗೆ ಮಾಡೋದು, ಹತ್ತು ಸೀರಿ ಒಮ್ಮೆಲೆ ಆಗಾಂಗಿಲ್ಲ. ಕಟ್ಟಿದ ಹಾಸು ಹಾಕೋರು ಗುರುತಿನ ಅಳತಿ ಕೊಂಡಿ ಗೆರಿಯಿಂದನ ಶುರು ಮಾಡ್ರಿ, ಇನ್ನೊಂದು ತುದಿಯಿಂದಲ್ಲ. ಕೊಂಡಿ ಕೂಡಿಸಿದ ಮ್ಯಾಲ ಎಳಿ ಹಿಂದ ಮುಂದ ಸರಿಸಾಕ ಬರೂದಿಲ್ಲ. ಒಂದು ಎಳಿ ಸಡಿಲ ಇದ್ರ ಸೆರಗಿನ ಬುಡದಾಗ ಗುಬ್ಬಿ ಎದ್ದಂಗ ಕಾಣತೈತಿ. ಗಂಜಿ ಹಚ್ಚೂವಾಗ ಕುಂಚಿಗಿ ಒಂದ ದಿಕ್ಕಿಗೆ ಎಳೀರಿ, ಕಂತಿ ಕಂತಿಗೆ ಅಡ್ಡ ದಾರ ಕಟ್ಟಿ ಇಡ್ರಿ, ಇಲ್ಲಾಂದ್ರ ಗುರುತು ಅಲ್ಲೇ ಕದಲತೈತಿ.

ಬಣ್ಣದ ಬಾನಿ:
ಅದರ ಜೊತೆ ಸೆರಗಿನ ಕೆಂಪು ರೇಷ್ಮೆಯನ್ನು ಉಂಕಿಗೆ ಏರಿಸುವ ಮುಂಚೆ ಪರೀಕ್ಷೆ ಮಾಡಿ. ಲೀಟರ್ ನೀರಿಗೆ 5 ಗ್ರಾಂ ಸೋಪು, ಕೈಗೆ ಬೆಚ್ಚಗೆ ಹತ್ತುವಷ್ಟು ಬಿಸಿ. ಕೆಂಪು ಎಳೆಯನ್ನು ಬಿಳಿ ಹತ್ತಿ, ಬಿಳಿ ರೇಷ್ಮೆ ಎರಡರ ಜೊತೆ ಹೆಣೆದು ಅರ್ಧ ಗಂಟೆ ಅದರಲ್ಲಿ ಬಿಡಿ. ಹೆಣೆದ ಹಾಗೆಯೇ ಒಣಗಿಸಿ ನೋಡಿ. ಹತ್ತಿ ಬೆಳ್ಳಗೇ ಉಳಿದು ರೇಷ್ಮೆ ಗುಲಾಬಿಯಾಗುವುದುಂಟು. ಟೋಪು ತೆನಿಯಲ್ಲಿ ಕೆಂಪಿನ ಪಕ್ಕದಲ್ಲೇ ಬಿಳಿ ಇರುವುದರಿಂದ ಅದು ಮೊದಲ ಒಗೆತಕ್ಕೇ ಕಾಣುತ್ತದೆ.

ಟೋಪು ತೆನಿ:
ಕೊಳ್ಳುವವರು ಇಕ್ಕತ್ ಪ್ರಿಂಟಿಗೂ ನಿಜವಾದ ಇಕ್ಕತ್ತಿಗೂ ವ್ಯತ್ಯಾಸ ಕೇಳುತ್ತಾರೆ. ಸುಲಭವಾಗಿ ತೋರಿಸುವುದು ಹೇಗೆ?

ಗ್ರಾಫ್ ಕಾಗದ:
ಸೀರೆಯ ಕೊನೆಯಿಂದ ಹೊಕ್ಕಿನ ಒಂದೆಳೆ ಬಿಡಿಸಿ ಅವರ ಕೈಗೇ ಕೊಡಿ. ಹೊಕ್ಕಿನ ಇಕ್ಕತ್ ಆದರೆ ಒಂದೇ ಎಳೆಯಲ್ಲಿ ಬಿಳಿ, ಕೆಂಪು, ಬಿಳಿ ಅಂತ ಬಣ್ಣ ಬದಲಾಗುತ್ತದೆ, ಎಳೆಯನ್ನು ಹೊರಳಿಸಿದರೂ ಸುತ್ತ ಅದೇ ಬಣ್ಣ. ಪ್ರಿಂಟಾದರೆ ಹಾಸು ಹೊಕ್ಕು ಒಂದರ ಮೇಲೊಂದು ಕೂತಿದ್ದ ಕಡೆ ಬಣ್ಣ ಮುಟ್ಟದೆ ಪುಟ್ಟ ಪುಟ್ಟ ಬಿಳಿ ತುಣುಕು ಕಾಣುತ್ತವೆ, ಸೀರೆಯ ಹಿಂಬದಿಯೂ ಪೇಲವ. ಇದು ಪ್ರಿಂಟನ್ನು ಬೇರೆ ಮಾಡುತ್ತದೆ ಅಷ್ಟೆ. ಕೈಮಗ್ಗ ಹೌದೋ ಅಲ್ಲವೋ ಅನ್ನುವುದಕ್ಕೆ 2006ರಲ್ಲಿ ಬಂದ ಹ್ಯಾಂಡ್‌ಲೂಮ್ ಮಾರ್ಕ್ ಚೀಟಿ ನೋಡಲು ಹೇಳಿ.

ಕಂಡಿಕೆ:
44 ಎಳೆ ತೆಗೆದು ಮತ್ತೆ ಕೆಚ್ಚಿ ಆಯಿತು. ಅದೇ ನೂಲು, ಅದೇ ಲಾಳಿ. ಒಂದು ಕಂಡಿಕೆ ಪೂರ್ತಿ ನೇಯ್ದರೂ ಹೂವು ಒಡೆದಿಲ್ಲ, ದಡಿ ಜಗ್ಗುತ್ತಿಲ್ಲ. ಎರಡೂ ದಡಿಯಲ್ಲಿ ಕಡ್ಡಿಮೊನೆಯಷ್ಟು ಕುಣಿಕೆ ನಿಲ್ಲುತ್ತಿದೆ. ಮುಂದಿನ ಮೂರು ಸೀರೆಗೆ ಹಾಸಿಗೆಂದು 700 ಗ್ರಾಂ, ಹೊಕ್ಕಿಗೆ ಸೀರೆಗೆ 200 ಗ್ರಾಂನಂತೆ 600 ಗ್ರಾಂ ಲೆಕ್ಕ ಹಾಕಿದ್ದೇನೆ. ಪೂರ್ತಿ ಕುದಿಸಿ, ಭಾರ ಕಟ್ಟದೆ ಒಣಗಿಸಿ, ಆಸುವನ್ನು 48 ಇಂಚಿಗೆ 2 ಮಿ.ಮೀ. ಸೇರಿಸಿ ಇಡುತ್ತಿದ್ದೇನೆ.

ಬಣ್ಣದ ಬಾನಿ:
ಕಟ್ಟು ಶುರು ಮಾಡುವ ಮುಂಚೆ ಒಂದು ಕಂತೆಗೆ ಬರೀ ಎರಡು ತುದಿಯಲ್ಲಿ ಕಟ್ಟು ಹಾಕಿ, ಬಣ್ಣಕ್ಕಿಳಿಸಿ, ಒಣಗಿಸಿ, 40 ಹೊಕ್ಕು ನೇಯ್ದು ನೋಡಿ. ಆಮೇಲೆ ಉಳಿದ ಕಟ್ಟು.